ಐವತ್ತು ಕ್ಯಾಸೆಟ್ಟು

ಒಂದರ ಹಿಂದೊಂದು, ಐವತ್ತು.
ಒಂದೊಂದಕ್ಕೂ ಇಪ್ಪತ್ತೆರಡು ನಿಮಿಷ.
ನನ್ನ ಅಡುಗೆಮನೆಯ ಮೇಜಿನ ಮೇಲೆ ಎರಡು ಡೆಕ್ಕು:
ಒಂದು ಹಾಡುತ್ತದೆ, ಇನ್ನೊಂದು ಕಲಿಯುತ್ತದೆ.
ನಡುವೆ ನೀರು ಕಾಯಿಸಲು ಸ್ವಿಚ್ಚು ಹಾಕಿದರೆ
ದೀಪ ಮಂಕಾಗಿ, ತಾಳ ಕೂದಲೆಳೆಯಷ್ಟು ತಗ್ಗುತ್ತದೆ.
ಹಾಗಾಗಿ ಮೂರು ರಾತ್ರಿ ಚಹಾ ಇಲ್ಲ.

ಲಿಯೆಪಾಯಾದಲ್ಲಿ ಗಾಳಿಗೆ ರಜೆಯಿಲ್ಲ.
ಕಿಟಕಿಯ ಸಂದಿಗೆ ಹಳೇ ಕಾಲುಚೀಲ ತುರುಕಿದ್ದೇನೆ,
ಆದರೂ ಪರದೆ ಉಸಿರಾಡುತ್ತದೆ.

ತಂಡವೆಂದರೆ ಇಬ್ಬರೇ.
ವಿಜ್ಮಾ ಹಗಲು ಮೀನಿಗೆ ಹೊಗೆ ಕೊಡುವ ಶೆಡ್ಡಿನಲ್ಲಿ,
ರಾತ್ರಿ ಕೀಬೋರ್ಡಿನ ಮುಂದೆ.
ಎಷ್ಟು ತಿಕ್ಕಿ ತೊಳೆದರೂ ಬೆರಳಲ್ಲಿ ಹೊಗೆ,
ಬಿಳಿ ಕೀಲಿಗಳೆಲ್ಲ ಈಗ ಚಹಾ ಬಣ್ಣ.
ತಾಲಿವಾಲ್ದಿಸ್‌ನದು ತಾಳದ ಪೆಟ್ಟಿಗೆ.
ಅವನ ಎರಡು ಮಾತಿನ ನಡುವೆ
ಒಂದು ಸರಕಿನ ಹಡಗು ಬಂದರು ದಾಟಬಹುದು.

ಕೀಬೋರ್ಡು, ಮುಚ್ಚಿಹೋದ ಶಿಶುವಿಹಾರದ ಹರಾಜಿನದು,
ಹನ್ನೆರಡು ಯೂರೋ.
ಅದರ ಒಂದು ಕೀಲಿ ಒತ್ತಿದರೆ ಮತ್ತೆ ಏಳುವುದಿಲ್ಲ,
ತಂಡಿಯ ದಿನ ತಾನಾಗಿಯೇ ಗುಂಯ್ ಎನ್ನುತ್ತದೆ.
ರಿಪೇರಿಗೆ ಕಾಸಿಲ್ಲ.
ಐದೂ ಹಾಡನ್ನು ಆ ಒಂದು ಸ್ವರದ ಸುತ್ತಲೇ ಕಟ್ಟಿದರು,
ನಿದ್ದೆಹೋದ ಕೂಸನ್ನು ಎಬ್ಬಿಸದೆ
ಸುತ್ತಲೂ ಕಸ ಗುಡಿಸುವ ಹಾಗೆ.

ಹಾಡಿನ ಮಾತು ಯಾರಿಗೂ ತಿಳಿಯುವುದಿಲ್ಲ.
ನೀರೊಳಗಿಂದ ಯಾರೋ
ತಮ್ಮ ಮನೆಯ ವಿಳಾಸ ಹೇಳಿದಂತೆ,
ನಾವು ದಡದಲ್ಲಿ ನಿಂತು ಹೂಂಗುಟ್ಟಿದಂತೆ.

ಮೂರನೆಯ ಹಾಡಿನಲ್ಲಿ ಮಾತ್ರ
ಒಂದು ಹೆಣ್ಣುದನಿ ಸ್ಪಷ್ಟ:
'ಮುಂದಿನ ನಿಲ್ದಾಣ, ಬೆಂಕಿಪೊಟ್ಟಣದ ಕಾರ್ಖಾನೆ.'
ಆ ದನಿ ಕೊಟ್ಟವನು ನಾನು.
ಟ್ರಾಮ್ ಡಿಪೋದಲ್ಲಿ ಹೊಸ ಯಂತ್ರ ಬಂದಾಗ
ಹಳೇ ಟೇಪುಗಳನ್ನು ಎಸೆದು ಬಾ ಎಂದಿದ್ದರು.
ಕೋಟಿನ ಜೇಬು ದೊಡ್ಡದಿತ್ತು.

ಬಿಡುಗಡೆ ಬಟ್ಟೆ ಒಗೆಯುವ ಅಂಗಡಿಯಲ್ಲಿ,
ರಾತ್ರಿ ಒಂಬತ್ತರ ಮೇಲೆ ಬಾಡಿಗೆಯಿಲ್ಲವೆಂದು.
ಬಂದವರು ಹತ್ತೊಂಬತ್ತು,
ಕಂಬಳಿ ಒಯ್ಯಲು ಬಂದವನನ್ನೂ ಸೇರಿಸಿ.
ಅವನ ಕಂಬಳಿ ಇನ್ನೂ ಗಾಜಿನೊಳಗೆ ಉರುಳುತ್ತಿತ್ತು,
ತಾಲಿವಾಲ್ದಿಸ್ ಅದನ್ನು ನೋಡಿ ನೋಡಿ
ಮೊದಲ ಹಾಡಿನ ವೇಗ ಇಳಿಸಿದ.

ಮೂರನೆಯದಕ್ಕೆ, ಬಾಗಿಲ ಬಳಿ,
ಹಸಿರು ಮಳೆಯಂಗಿಯ ಹೆಂಗಸಿನ ತುಟಿ ಅಲುಗಿತು.
ನಿಲ್ದಾಣದ ಹೆಸರು. ದನಿಗಿಂತ ಒಂದು ಗಳಿಗೆ ಮೊದಲೇ.
ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು.

ಮುಗಿದ ಮೇಲೆ ನೆಟ್ಟಗೆ ನಮ್ಮ ಹತ್ತಿರವೇ ಬಂದಳು.
ಸ್ಕೈದ್ರೀತೆ ಅಂತ ಹೆಸರು.
ಕೇಳದೆ ತೆಗೆದುಕೊಂಡಿರಿ ಎನ್ನಲಿಲ್ಲ.
'ಅಲ್ಲಿ ಉಸಿರು ತಪ್ಪಿದ್ದೆ' ಎಂದಳು.
'ಆವತ್ತು ನೆಗಡಿ. ಇನ್ನೊಂದು ಸಲ ಹೇಳ್ತೀನಿ ಅಂದೆ,
ಟೇಪು ದಂಡ ಅಂದರು.
ಇಪ್ಪತ್ತಾರು ವರ್ಷ ಊರೆಲ್ಲ
ನನ್ನ ತಪ್ಪಿನ ಮೇಲೆ ಹತ್ತಿ ಇಳೀತು.'

ವಿಜ್ಮಾ ಕೈಯನ್ನು ಬೆನ್ನ ಹಿಂದೆ ಮರೆಸಿಕೊಂಡಳು,
ಹೊಗೆಯ ನಾಚಿಕೆ.
ಹಡಗೊಂದು ದಾಟುವಷ್ಟು ಹೊತ್ತಾಯಿತು.
ಆಮೇಲೆ ತಾಲಿವಾಲ್ದಿಸ್:
'ಆ ಉಸಿರನ್ನೇ ಕತ್ತರಿಸಿ ತಾಳ ಮಾಡಿದ್ದೇವೆ.
ಐದು ಹಾಡಿಗೂ ಅದೇ.'

ಐವತ್ತು ಸಲ ಕೇಳಿದ್ದೆ ನಾನು,
ಪೊರಕೆ ಎಂದುಕೊಂಡಿದ್ದೆ.

ಅವಳು ನಾಣ್ಯ ಎಣಿಸಿ ಒಂದು ಕ್ಯಾಸೆಟ್ಟು ಕೊಂಡಳು.
ಮನೆಯಲ್ಲಿ ಹಾಕಿ ಕೇಳಲು ಏನೂ ಇಲ್ಲವಂತೆ.
ಮೂವತ್ತೊಂದನೆಯ ಪ್ರತಿಗೆ ನನಗೆ ತೂಕಡಿಕೆ ಹತ್ತಿ,
ಹಾಡು ಮುಗಿದ ಮೇಲೂ ಡೆಕ್ಕು
ಖಾಲಿಯನ್ನೇ ಬರೆದುಕೊಂಡಿತ್ತು.
ಅವಳ ಕೈಗೆ ಹೋದದ್ದು ಅದೋ, ಬೇರೆಯದೋ.

ಮಾರಾಟವಾದದ್ದು ಹನ್ನೊಂದು.
ಉಳಿದದ್ದು ನನ್ನ ಕಪಾಟಿನಲ್ಲಿ, ಅಂಗಿಗಳಿಗೆಲ್ಲ ಮೀನಿನ ವಾಸನೆ.

ಬೆಳಗಿನ ಪಾಳಿ, ಮೊದಲ ಟ್ರಾಮು.
ಹೊಸ ಯಂತ್ರ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ,
ನಡುವೆ ಎಲ್ಲೂ ಮೂಗು ಕಟ್ಟುವುದಿಲ್ಲ.
ಬೆಂಕಿಪೊಟ್ಟಣದ ಕಾರ್ಖಾನೆಯಿದ್ದಲ್ಲಿ ಈಗ ನಿಲ್ದಾಣವಿಲ್ಲ.
ನಾನು ಮಾತ್ರ ಅಲ್ಲಿ, ಯಾಕೋ,
ಎದ್ದು ಬಾಗಿಲ ಬಳಿ ನಿಂತೆ.